ಕೊಟ್ರಕ್ಕ ಕೂತ ಹೊಸಿಲು

ಈ ಕಥೆಯನ್ನು ಮೊದಲು ಹೇಳಿದವನು ಗಂಗಾಧರಪ್ಪ. ಶಿವಮೊಗ್ಗದಿಂದ ಹೊರಟು ಭದ್ರಾವತಿ, ಜನ್ನಾಪುರ ಹಾದು ನಾಲೆ ಕೊನೆಯ ಊರಿಗೆ ಬಂದು ತಿರುಗುವ ಖಾಸಗಿ ಬಸ್ಸಿನ ಕಂಡಕ್ಟರು. ಹೇಳಿದ್ದು 2025ರ ಫೆಬ್ರವರಿ ಹನ್ನೊಂದು, ಮಂಗಳವಾರದ ಇಳಿಹೊತ್ತು, ಆ ಕೊನೆಯ ಊರಿನ ಹಾಲಮ್ಮನ ಜಗಲಿಯ ಮೇಲೆ. ಕೇಳಿದವರು ಮೂವರು ಹೆಂಗಸರು: ಹಾಲಮ್ಮ, ನಾಗರತ್ನ, ಚಂದ್ರಮ್ಮ. ಹೇಳಿದ ಎಂದೆ, ಸರಿಯಾಗಿ ಹೇಳಬೇಕೆಂದರೆ ಓದಿದ. ಹಾಲಮ್ಮನಿಗೆ ಕಣ್ಣು ಚೆನ್ನಾಗಿತ್ತು, ಓದೂ ಬರುತ್ತಿತ್ತು, ಇವನ್ನು ತಾನೇ ಜೋರಾಗಿ ಓದುವ ಧೈರ್ಯ ಮಾತ್ರ ಬರಲಿಲ್ಲ. ಅದಕ್ಕೆ ಕಾಗದದ ಕಟ್ಟು ಅವನ ಕೈಗೆ ಹೋಯಿತು.

ಆ ಮೂವರ ಜೊತೆ ಮೊದಲು ಇನ್ನಿಬ್ಬರಿದ್ದರು. ಎಲ್ಲರಿಗಿಂತ ಹಿರಿಯಳಾದ ಕೊಟ್ರಮ್ಮ ಒಬ್ಬಳು. ಹಾಲಮ್ಮನ ಜೊತೆ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತ ಶಂಕರಮ್ಮ ಇನ್ನೊಬ್ಬಳು. ಐವರೂ ಮುಯ್ಯಾಳು ಮಾಡಿಕೊಂಡು ಭತ್ತ ನಾಟಿ ಮಾಡುವವರು. ಇವತ್ತು ಐವರೂ ನನ್ನ ಗದ್ದೆಗೆ, ನಾಳೆ ಐವರೂ ನಿನ್ನ ಗದ್ದೆಗೆ. ಕೂಲಿ ಇಲ್ಲ, ಆಳಿಗೆ ಆಳು. ಮುಯ್ಯಿ ಬಾಕಿ ಇಟ್ಟುಕೊಂಡವಳು ಕರೆ ಬಂದ ದಿನ ಹೋಗಲೇಬೇಕು. ತಾನು ಹೋಗಲಾಗದಿದ್ದರೆ ಮನೆಯಿಂದ ಇನ್ನೊಬ್ಬರನ್ನಾದರೂ ಕಳಿಸಬೇಕು. ಸಾಲದ ಕಂಪನಿಯೊಂದು ಊರಿಗೆ ಬಂದು, ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಐದು ಜನ ಹೆಂಗಸರು ಬೇಕು ಎಂದಾಗ ಇವರು ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ. ಗದ್ದೆಯಲ್ಲಿ ನಿಲ್ಲುತ್ತಿದ್ದ ಕ್ರಮದಲ್ಲೇ ಹೋಗಿ ನಿಂತು ಸಹಿ ಹಾಕಿದರು.

ಶಂಕರಮ್ಮ ಗಂಡನಿಲ್ಲದವಳು. ಮಗಳು ಅಮೂಲ್ಯಳ ನರ್ಸಿಂಗ್ ಓದಿಗೆಂದು ಸಾಲ ತೆಗೆದಳು. ಮಳೆಗಾಲದ ನಾಟಿಯ ಹೊತ್ತಿಗೆ ಬದುವಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಉಳಿದ ನಾಲ್ವರು ಅವಳ ತುಂಡು ಗದ್ದೆಯನ್ನು ನೆಟ್ಟುಕೊಟ್ಟರು. ಆದರೆ ಕೂಲಿ ನಿಂತು, ಕಂತೂ ನಿಂತಿತು. ಒಬ್ಬಳ ಕಂತು ನಿಂತರೆ ಉಳಿದವರು ತುಂಬಬೇಕು. ತುಂಬದಿದ್ದರೆ ಯಾರಿಗೂ ಮುಂದಿನ ಸಾಲವಿಲ್ಲ. ಅಕ್ಟೋಬರಿನ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಗುಂಪಿನ ಲೀಡರ್ ಎನಿಸಿಕೊಂಡಿದ್ದ ಕೊಟ್ರಮ್ಮ ಹೋಗಿ ಶಂಕರಮ್ಮನ ಮನೆಯ ಹೊಸಿಲ ಮೇಲೆ ಕೂತಳು. ಆ ಹೊತ್ತಿನಲ್ಲಿ ಹೊಸಿಲ ಮೇಲೆ ಕೂಸು ಕೂತರೂ ಎಬ್ಬಿಸುತ್ತಾರೆ. "ದುಡ್ಡು ಕಟ್ಟೋ ತನಕ ಈ ಮನೇಲಿ ದೀಪ ಹಚ್ಚಂಗಿಲ್ಲ," ಅಂದಳು. ಉಳಿದ ಮೂವರು ಅಂಗಳದಲ್ಲಿ ನಿಂತಿದ್ದರು. ಏಳು ಎಂದು ಒಬ್ಬಳೂ ಅನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ಶಂಕರಮ್ಮನ ಮನೆಗೆ ಬೀಗ ಬಿದ್ದಿತ್ತು, ಅವಳು ಊರು ಬಿಟ್ಟಿದ್ದಳು.

ಮುಂದಿನದೆಲ್ಲ ಹಾಲಮ್ಮ, ಶಂಕರಮ್ಮ ಒಬ್ಬರಿಗೊಬ್ಬರು ಗಂಗಾಧರಪ್ಪನ ಕೈಯಲ್ಲಿ ಕಳಿಸಿಕೊಂಡ ಕಾಗದಗಳಲ್ಲಿದೆ. ಅವನು ಓದಿದ ಹಾಗೆಯೇ ಕೇಳಿ.

*

ನಮ್ಮೂರು, 5 ನವೆಂಬರ್ 2024

ಶಂಕ್ರಿ,

ನೀನು ಶಿವಮೊಗ್ಗದ ದುರ್ಗಿಗುಡಿಯ ಒಂದು ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೀಯ ಎಂದು ಗಂಗಾಧರಪ್ಪನ ಬಾಯಿಂದ ಗೊತ್ತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡು ಮುಖದ ಮೇಲೆ ಸೆರಗು ಎಳೆದುಕೊಂಡೆಯಂತೆ. "ಸೆರಗಲ್ಲಿ ಮುಖ ಮುಚ್ಕಬೋದು ಹಾಲಮ್ಮ, ನಡಿಗೆ ಮುಚ್ಕಳಕ್ಕಾಗುತ್ತಾ?" ಅಂದ. ಯಾರಿಗೂ ಹೇಳುವುದಿಲ್ಲ ಎಂದು ಟಿಕೆಟ್ ಮಿಷನ್ ಮುಟ್ಟಿ ಆಣೆ ಮಾಡಿದ್ದಾನೆ. ಅವನ ದೇವರು ಅದೇ.

ನಿನ್ನ ಫೋನಿಗೆ ಹೊಡೆದು ಹೊಡೆದು ಸಾಕಾಯಿತು. ಸಿಮ್ಮನ್ನು ನಾಲೆಗೆ ಎಸೆದೆಯಂತೆ. ಒಂದು ಲೆಕ್ಕಕ್ಕೆ ಒಳ್ಳೆಯದೇ. ಈಗ ನಮ್ಮಲ್ಲಿ ಯಾರ ಫೋನಿಗೆ ಹೊಸ ನಂಬರು ಬಂದರೂ ಉಳಿದವರು ಬಗ್ಗಿ ನೋಡುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ.

ಇವತ್ತು ಮಂಗಳವಾರ, ಕಂತಿನ ದಿನ. ಕಲೆಕ್ಷನ್ನಿನ ವಿಜಯಕುಮಾರ್ ನಮ್ಮ ಜಗಲಿಯಲ್ಲೇ ಕೂತಿದ್ದ. ಅವನು ಕೆಟ್ಟವನಲ್ಲ, ಒಂದು ದಿನಕ್ಕೂ ಜೋರು ಮಾತಾಡಿದವನಲ್ಲ. "ನಾನು ಯಾರ ಮನೆಗೂ ಹೋಗಲ್ಲಮ್ಮ. ನೀವ್ ನೀವೇ ಅಕ್ಕತಂಗೀರು, ನೀವ್ ನೀವೇ ನೋಡ್ಕಳಿ," ಅಂದು ಮಜ್ಜಿಗೆ ಕುಡಿದು ಮೊಬೈಲ್ ನೋಡುತ್ತಾ ಕೂತ. ಕೂತೇ ಇದ್ದ. ನಿನ್ನ ಪಾಲು ತುಂಬುವವರೆಗೆ ಯಾರೂ ಏಳುವ ಹಾಗಿಲ್ಲ. ಕೊನೆಗೆ ನಾಗರತ್ನ ಎದ್ದು ಹೋಗಿ, ಕಿವಿಯ ಓಲೆ ಅಡ ಇಟ್ಟು ತಂದು ಹಾಕಿದಳು. ಅವಳು ನಿನಗೆ ಬೈದದ್ದನ್ನು ನಾನು ಬರೆಯುವುದಿಲ್ಲ. ಅವಳ ಬರಿ ಕಿವಿ ನೋಡಿದರೆ ಬೈಯಬೇಡ ಎನ್ನಲೂ ಬಾಯಿ ಬರುವುದಿಲ್ಲ.

ದೀಪಾವಳಿಗೆ ಎಲ್ಲರ ಮನೆ ಮುಂದೆ ಹಣತೆ ಇತ್ತು. ನಿಮ್ಮ ಓಣಿಗೆ ನಾನು ಹೋಗಲಿಲ್ಲ. ಕಾಲು ಬರಲಿಲ್ಲ.

ಬೈದಾದರೂ ಒಂದು ಕಾಗದ ಬರೆ.

ನಿನ್ನ ಹಾಲಿ

*

ದುರ್ಗಿಗುಡಿ, 13 ನವೆಂಬರ್ 2024

ಹಾಲಿ,

ಬೈಯಬೇಕು ಎಂದೇ ಕೂತೆ. ಮೊದಲ ಸಾಲಿನಲ್ಲಿ ನಿನ್ನ ಹೆಸರು ಬರೆದ ಮೇಲೆ ಆಗಲಿಲ್ಲ.

ನಾನಿರುವ ಮನೆ ಸತ್ಯಭಾಮಮ್ಮನವರದು. ಮೇಷ್ಟ್ರಾಗಿದ್ದವರು. ಈಗ ಮನೆಯಲ್ಲೇ ಚಪಾತಿ, ಹೋಳಿಗೆ ಮಾಡಿಸಿ ಅಂಗಡಿಗಳಿಗೆ ಕೊಡುತ್ತಾರೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಕಾಲದಲ್ಲಿ ಫೋನಿಲ್ಲದ ಹೆಂಗಸನ್ನ ನಿನ್ನೊಬ್ಬಳನ್ನೇ ನೋಡಿದ್ದು ಮಾರಾಯ್ತಿ. ಓಡಿಬಂದೆಯೋ, ಓಡಿಸಿದರೋ?" ಅಂದರು. "ಎರಡೂ, ಅಮ್ಮ," ಅಂದೆ. "ಹಾಗಿದ್ರೆ ಸರಿ, ಹಿಟ್ಟು ಕಲಸು," ಅಂದರು. ಆಮೇಲೆ ಏನೂ ಕೇಳಿಲ್ಲ. ಮಣಿಕಟ್ಟು ಸಂಜೆ ಹೊತ್ತಿಗೆ ಊದಿಕೊಳ್ಳುತ್ತದೆ. ಬಿಸಿ ಹಂಚಿನ ಮೇಲೆ ಬಟ್ಟೆ ಕಾಯಿಸಿ ಇಟ್ಟುಕೊಳ್ಳುತ್ತೇನೆ.

ಅಮೂಲ್ಯ ಹಾಸ್ಟೆಲಿನಿಂದ ಭಾನುವಾರ ಬಂದು ಹೋಗುತ್ತಾಳೆ. ನಮ್ಮವರು ಅವಳ ಫೋನಿಗೂ ಹೊಡೆಯುತ್ತಿದ್ದರು. ನಂಬರು ಬದಲಾಯಿಸಿದ್ದಾಳೆ. ಹೊಸದನ್ನು ನಿನಗೂ ಕೊಡುವುದಿಲ್ಲ ಹಾಲಿ. ನಾಲ್ಕು ಜನ ಸುತ್ತ ಕೂತು ಕೇಳಿದರೆ ನೀನು ಎಷ್ಟು ಹೊತ್ತು ತಡೆದೀಯ ಎಂದು ನನಗೆ ಗೊತ್ತು.

ಆ ಸಂಜೆ ನೀನು ನನ್ನ ಅಂಗಳದಲ್ಲಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ, ನುಗ್ಗೆಮರ ನೋಡುತ್ತಿದ್ದೆ. ನುಗ್ಗೆಮರದಲ್ಲಿ ಏನಿತ್ತು?

ಕೊಟ್ರಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅದೂ ಪೂರ್ತಿ ಬರುವುದಿಲ್ಲ. ಸೊಸೆಯಾಗಿ ಮೊದಲ ಸಲ ಗದ್ದೆಗಿಳಿದಾಗ ನನ್ನ ಸೊಂಟಕ್ಕೆ ಸೆರಗು ಬಿಗಿದು, "ಸಸಿ ಚುಚ್ಚಬ್ಯಾಡ, ಮಲಗಿಸು," ಎಂದು ಬೆರಳು ಹಿಡಿದು ಕಲಿಸಿದವಳು. ನಮ್ಮ ಯಜಮಾನರು ತೀರಿಕೊಂಡಾಗ ನಾನು ಮೂಲೆ ಹಿಡಿದು ಕೂತಿದ್ದೆನಲ್ಲ, ಆಗ ಬಂದು ಮನೆಯಲ್ಲಿ ಮತ್ತೆ ದೀಪ ಹಚ್ಚಿದವಳೂ ಅವಳೇ. ಅದೇ ಬಾಯಿಂದ ಹಚ್ಚಬೇಡ ಅಂದಳು.

ಸಾಲವನ್ನು ಇಲ್ಲಿನ ಆಫೀಸಿನಲ್ಲೇ ಕಟ್ಟುತ್ತೇನೆ, ಸಂಬಳ ಬಂದ ಹಾಗೆ. ಅದು ತೀರುತ್ತದೆ. ನನಗೆ ಭಾರವಾಗಿರುವುದು ಅದಲ್ಲ. ಕೈ ಮುರಿದಾಗ ನೀವು ನಾಲ್ವರು ಸೊಂಟ ಬಗ್ಗಿಸಿ ನೆಟ್ಟುಕೊಟ್ಟಿರಲ್ಲ, ಆ ಮುಯ್ಯಿ. ತಿರುಗಿ ನಿಮ್ಮ ಗದ್ದೆಗೆ ಇಳಿಯುವ ಮೊದಲೇ ಓಡಿ ಬಂದೆ.

ಶಂಕರಮ್ಮ

*

ನಮ್ಮೂರು, 3 ಡಿಸೆಂಬರ್ 2024

ಶಂಕ್ರಿ,

ನುಗ್ಗೆಮರದಲ್ಲಿ ಏನೂ ಇರಲಿಲ್ಲ.

ನಿನ್ನ ಗದ್ದೆ ಕೊಯ್ಲು ಮುಗಿಯಿತು. ನಾವೇ ಕೊಯ್ದೆವು. ಭತ್ತ ಮಾರಿದ್ದು ನಾಗರತ್ನಳ ಓಲೆ ಬಿಡಿಸಲು ಹೋಯಿತು, ಉಳಿದದ್ದು ಕಂತಿಗೆ. ನೆಲ್ಲು ಚೆನ್ನಾಗಿ ಬಂದಿತ್ತು, ಜೊಳ್ಳಿರಲಿಲ್ಲ. ಕೊಟ್ರಕ್ಕ ಮೇರೆಯ ಕೊನೆಗೆ ಒಂದು ಹಿಡಿ ಹಾಗೇ ಬಿಟ್ಟಳು. "ಗದ್ದೆ ಯಜಮಾನಿ ಕೊಯ್ಲಿ," ಅಂದಳು. ಎಲ್ಲರೂ ಕೊಂಕು ಎಂದುಕೊಂಡೆವು.

ಈಗ ಮುಖ್ಯ ವಿಷಯ. ನೀನು ಸದ್ಯಕ್ಕೆ ಊರ ಕಡೆ ಬರಬೇಡ. ನಾಲೆ ಏರಿಯ ಮೇಲೆ ಹಸು ಹೊಡೆದುಕೊಂಡು ಬರುವಾಗ ಮೂರ್ನಾಲ್ಕು ಸಂಜೆ ಕಂಡೆ. ನಿನ್ನ ಮನೆ ಬಾಗಿಲಲ್ಲಿ ಕಂಬಳಿ ಹೊದ್ದ ಒಂದು ಆಕಾರ ಕುಕ್ಕರಿಸಿತ್ತು. ಕೊಟ್ರಕ್ಕನೇ. ನಾಗರತ್ನಳನ್ನು ಕೇಳಿದೆ. "ಬಿಟ್ಟಾಳಾ ಆ ಮುದುಕಿ? ಕತ್ತಲಾಗೋ ಹೊತ್ತಿಗೆ ಶಂಕ್ರಿ ಮೆತ್ತಗೆ ಬಂದು ಪಾತ್ರೆಪಗಡ ಹೊತ್ಕಂಡು ಹೋದಾಳು ಅಂತ ಕಾವಲು ಕೂರ್ತಾಳೆ. ಹಿಡಿದ್ರೆ ಬಿಡಾಕಿಲ್ಲ," ಅಂದಳು.

ಅದೇ ಹೊಸಿಲ ಮೇಲೆ, ಅದೇ ಹೊತ್ತಿನಲ್ಲಿ. ಹತ್ತಿರ ಹೋಗಿ ಕೇಳುವಷ್ಟು ಧೈರ್ಯ ಇರಲಿಲ್ಲ. ಇನ್ನೊಂದು ಸಲ ನಿನಗೆ ಆ ಸಂಜೆ ಬರುವುದು ಬೇಡ. ಈ ಸಲ ನಾನು ನುಗ್ಗೆಮರ ನೋಡುತ್ತಾ ನಿಲ್ಲುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಬರಬೇಡ.

ಹಾಲಿ

*

ದುರ್ಗಿಗುಡಿ, 23 ಡಿಸೆಂಬರ್ 2024

ಹಾಲಿ,

ಹೋದ ಭಾನುವಾರ ಅಮೂಲ್ಯ ನನ್ನನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗಿದ್ದಳು. "ಹಿಟ್ಟು ಬಿಟ್ಟು ಬೇರೆ ಏನಾದ್ರೂ ನೋಡಮ್ಮ," ಅಂದಳು. ಆನೆಗಳು ಹೊಳೆಯಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು, ಬಾಣಂತಿಯರ ಹಾಗೆ. ಕಾಲಲ್ಲಿ ಉದ್ದ ಸರಪಳಿ. ಅದೇಕೆ ಎಂದು ಮಾವುತನನ್ನು ಕೇಳಿದೆ. ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರಂತೆ. ಸರಪಳಿ ನೆಲದಲ್ಲಿ ಎಳೆದ ಗುರುತು ಹಿಡಿದು ಬೆಳಿಗ್ಗೆ ಹುಡುಕಿಕೊಂಡು ಹೋಗುತ್ತಾರಂತೆ. ವಾಪಸ್ ಬರುವಾಗ ರಸ್ತೆಯಲ್ಲಿ ಒಂದೆರಡು ಸಲ ಹಿಂದೆ ತಿರುಗಿ ನೋಡಿಕೊಂಡೆ. ಮಗಳು ನಕ್ಕಳು. "ಏನಮ್ಮ, ಏನ್ ಬೀಳಿಸ್ಕಂಡೆ?"

ಕೊಟ್ರಕ್ಕ ಕೂರುತ್ತಾಳೆ ಎಂದು ನೀನು ಬರೆದಿದ್ದೆ. ಆ ಚಳಿಯಲ್ಲಿ ಅವಳ ಮಂಡಿ ಹಿಡಿದುಕೊಳ್ಳುತ್ತದೆ, ಕೂತರೆ ಏಳಲಾಗುವುದಿಲ್ಲ. ಯಾರಾದರೂ ಕೈ ಕೊಡುತ್ತಾರಾ?

ನಗಬೇಡ. ಸಂಕ್ರಾಂತಿಗೆ ಬರೋಣ ಎಂದಿದ್ದೇನೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುತ್ತಾರಲ್ಲ. ಅವಳ ಕೈಗೆ ಎಳ್ಳು ಇಟ್ಟು ಸುಮ್ಮನೆ ನಿಂತುಕೊಳ್ಳುತ್ತೇನೆ. ಬೈದರೆ ಬೈಯಲಿ. ನೀನು ಹೂಂ ಎಂದರೆ ಬರುತ್ತೇನೆ.

ಶಂಕ್ರಿ

*

ನಮ್ಮೂರು, 7 ಜನವರಿ 2025

ಶಂಕ್ರಿ,

ಹೂಂ ಎನ್ನಲಾರೆ.

ನಿನ್ನೆ ಕೊಟ್ರಕ್ಕ ಕೆಮ್ಮುತ್ತಾ ಕೋಲೂರಿಕೊಂಡು ನಮ್ಮ ಮನೆಗೇ ಬಂದಿದ್ದಳು. ನೀನು ಕಟ್ಟಿದ ದುಡ್ಡು ಶಿವಮೊಗ್ಗದ ಆಫೀಸಿಗೆ ಬೀಳುತ್ತಿದೆ ಎಂದು ವಿಜಯಕುಮಾರ್ ಹೇಳಿಬಿಟ್ಟಿದ್ದಾನೆ.

"ಶಿವಮೊಗ್ಗದಾಗೆ ಎಲ್ಲಿದಾಳೆ ಹೇಳೆ ಹಾಲಿ."

"ನಂಗೇನಕ್ಕ ಗೊತ್ತು?"

"ಸುಳ್ಳಿ. ಸುಳ್ಳು ಹೇಳುವಾಗ ನಿನ್ನ ಮೂಗು ಅರಳ್ತೈತೆ, ಸಣ್ಣೋಳಿದ್ದಾಗಿಂದ. ಒಂದ್ಸಲ ಬಂದು ಹೋಗು ಅಂತ ಹೇಳು. ದುಡ್ಡಿನ ಮಾತಲ್ಲ."

"ಮತ್ತೇನಕ್ಕ ಮಾತು?"

ಕೆಮ್ಮು ಬಂತು. ಆಮೇಲೆ, "ಅದು ಅವಳ ಹತ್ರ ಆಡೋ ಮಾತು," ಅಂದು ಎದ್ದಳು.

ಆ ಸಂಜೆಯೂ ಅವಳು "ಮಾತಾಡ್ಕಂಡು ಬರ್ತೀನಿ" ಎಂದೇ ಹೋಗಿ ಹೊಸಿಲ ಮೇಲೆ ಕೂತವಳು, ಮರೆತೆಯಾ? ನಾನು ನಂಬಲಿಲ್ಲ. ಇನ್ನೂ ದಿನಾ ಸಂಜೆ ಆ ಕಡೆ ಹೋಗುತ್ತಾಳೆ. ಬಿಡಿಸಿ ಹೇಳದ ಮಾತಿಗೆ ನಿನ್ನನ್ನು ಕಳಿಸಿಕೊಡಲಾರೆ. ಎಳ್ಳು ಮುಂದಿನ ವರ್ಷವೂ ಬರುತ್ತದೆ.

ಹಾಲಿ

*

ದುರ್ಗಿಗುಡಿ, 13 ಜನವರಿ 2025

ಹಾಲಿ,

ಸರಿ, ನೀನು ಹೇಳಿದ ಹಾಗೆ.

ಗಂಗಾಧರಪ್ಪನ ಕೈಯಲ್ಲಿ ನಾಲ್ಕು ಪೊಟ್ಟಣ ಎಳ್ಳು ಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ಹೆಚ್ಚಿದ್ದು ನಾನೇ, ಎಡಗೈಯಲ್ಲಿ, ಅಡ್ಡಾದಿಡ್ಡಿ ಆಗಿದೆ. ಕೆಂಪು ದಾರದ ಪೊಟ್ಟಣ ಕೊಟ್ರಕ್ಕನಿಗೆ. ಹಲ್ಲಿಲ್ಲ ಎಂದು ಅದಕ್ಕೆ ಸಕ್ಕರೆ ಅಚ್ಚು ಹಾಕದೆ ಬೆಲ್ಲವನ್ನು ಪುಡಿ ಮಾಡಿ ಹಾಕಿದ್ದೇನೆ. ಯಾರು ಕೊಟ್ಟರು ಎಂದರೆ ಬಸ್ಸಿನಲ್ಲಿ ಬಂತು ಅನ್ನು.

ಶಂಕ್ರಿ

*

ನಮ್ಮೂರು, 21 ಜನವರಿ 2025

ಶಂಕ್ರಿ,

ಇದನ್ನು ಕೂತು ಓದು.

ಶನಿವಾರ ಬೆಳಕು ಹರಿಯುವಾಗ ಕೊಟ್ರಕ್ಕ ಹೋದಳು. ಕೆಮ್ಮು ಎದೆಗಿಳಿದಿತ್ತಂತೆ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ನಾವು ಮೂವರೂ ಸುತ್ತ ಕೂತಿದ್ದೆವು. ಅವಳ ಮೊಮ್ಮಗಳು ಸ್ಫೂರ್ತಿ ಬಿಕ್ಕುತ್ತಾ ಒಂದು ಮಾತು ಹೇಳಿದಳು: "ನಿನ್ನೆ ಸಂಜೆ ಏಳಕ್ಕಾಗ್ಲಿಲ್ಲ ಅಜ್ಜಿಗೆ. ಶಂಕ್ರತ್ತೆ ಮನೆ ದೀಪಕ್ಕೆ ಎಣ್ಣೆ ಹಾಕಿ ಬಾ ಅಂದ್ಳು. ನಂಗೆ ಆ ಓಣಿ ಕತ್ತಲೆ ಭಯ, ಹೋಗ್ಲಿಲ್ಲ. ಹಾಕಿ ಬಂದೆ ಅಂತ ಸುಳ್ಳು ಹೇಳ್ದೆ."

"ಯಾವ ದೀಪ?" ಅಂದಳು ನಾಗರತ್ನ.

ನಾನು ಎದ್ದು ಓಡಿದೆ. ನೀನು ಹೋದ ಮೇಲೆ ನಿಮ್ಮ ಓಣಿಗೆ ಕಾಲಿಟ್ಟದ್ದು ಅವತ್ತೇ ಮೊದಲು. ಶಂಕ್ರಿ, ನಿನ್ನ ಹೊಸಿಲು ಸಾರಿಸಿತ್ತು. ಅಂಚಿಗೆ ಕೆಮ್ಮಣ್ಣು ಬಳಿದಿತ್ತು. ಬಾಗಿಲ ಪಕ್ಕದ ಗೂಡು ಮಸಿ ಹಿಡಿದು ಕಪ್ಪಾಗಿತ್ತು. ಒಳಗೆ ಮಣ್ಣಿನ ಹಣತೆ, ತೆಂಗಿನ ಚಿಪ್ಪಿನಲ್ಲಿ ಎಣ್ಣೆಯ ಮಡ್ಡಿ, ಗೂಡಿನ ಕೆಳಗೆ ಸುಟ್ಟ ಬತ್ತಿಗಳ ಒಂದು ಗುಡ್ಡೆ. ಗೂಡು ಬಾಗಿಲ ಹೊರಗೆ, ಪಕ್ಕದ ಗೋಡೆಗೆ ಮುಖ ಮಾಡಿದೆ. ಏರಿಯ ಮೇಲಿನಿಂದ ದೀಪ ಕಾಣುವುದಿಲ್ಲ, ಮುದುಕಿ ಮಾತ್ರ ಕಾಣುತ್ತಾಳೆ. ಹಚ್ಚಿದ ಮೇಲೆ ಮಂಡಿ ಹಿಡಿದುಕೊಂಡು ಏಳಲಾಗದೆ ಅಲ್ಲೇ ಕೂರುತ್ತಿದ್ದಳು. ನಾನು ಅದನ್ನು ಕಾವಲು ಎಂದು ನಿನಗೆ ಬರೆದೆ.

ನೀನು ಕೇಳಿದ್ದೆ, ಯಾರಾದರೂ ಕೈ ಕೊಡುತ್ತಾರಾ ಎಂದು. ಇಲ್ಲ. ಯಾರೂ ಕೊಡಲಿಲ್ಲ.

ಶಂಕ್ರಿಗೆ ಸುದ್ದಿ ಮುಟ್ಟಿಸಬೇಕು ಎಂದು ಮೊದಲು ಹೇಳಿದವಳು ನಾಗರತ್ನಳೇ. ಎಲ್ಲರೂ ನನ್ನ ಮುಖ ನೋಡಿದರು. ನಂಬರಿಲ್ಲ. ಬಸ್ಸು ಹೋಗಿಯಾಗಿತ್ತು. ಆದರೂ ಶಿವಮೊಗ್ಗದಲ್ಲಿ ಹೇಗೋ ತಿಳಿದು ಬಂದಾಳು ಎಂದು ಚಂದ್ರಮ್ಮ ಗುಂಡಿಯ ಹತ್ತಿರ ಎಲ್ಲರನ್ನೂ ತಡೆದು ನಿಲ್ಲಿಸಿಕೊಂಡಳು. ಹೊತ್ತು ಇಳಿಯುವವರೆಗೆ ಕಾದರು. ನೀನು ಬರುವುದಿಲ್ಲ ಎಂದು ಗೊತ್ತಿದ್ದವಳು ಅಷ್ಟು ಜನರಲ್ಲಿ ನಾನೊಬ್ಬಳೇ. ಬಾಯಿ ಬಿಡಲಿಲ್ಲ.

ಇನ್ನೊಂದಿದೆ. ಕೆಂಪು ದಾರದ ಪೊಟ್ಟಣವನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ಬೆಲ್ಲ ಪುಡಿ ಮಾಡಿದ್ದು ನೋಡಿದರೆ ನಿನ್ನದೇ ಎಂದು ಹಿಡಿದುಬಿಡುತ್ತಾಳೆ ಎಂದು ಡಬ್ಬಿಯಲ್ಲಿ ಇಟ್ಟಿದ್ದೆ. ಗುಂಡಿಗೆ ಇಳಿಸಿದ ಮೇಲೆ ಅವಳ ಮಡಿಲಲ್ಲಿ ಇಟ್ಟೆ.

ಹಾಲಮ್ಮ

*

ನಮ್ಮೂರು, 4 ಫೆಬ್ರವರಿ 2025

ಶಂಕ್ರಿ,

ಗಂಗಾಧರಪ್ಪನನ್ನು ದಿನಾ ಕೇಳುತ್ತೇನೆ. ದಿನಾ ತಲೆ ಆಡಿಸುತ್ತಾನೆ. ನೀನು ಕಾಗದ ಈಸಿಕೊಂಡೆಯಂತೆ, ಓದಿದೆಯಂತೆ, ಹೋಗಿ ಮತ್ತೆ ಲಟ್ಟಣಿಗೆ ಹಿಡಿದೆಯಂತೆ. ಅಷ್ಟೇ ಹೇಳುತ್ತಾನೆ.

ಟೀವಿಯಲ್ಲಿ ಬರುತ್ತಿದೆ, ಸಾಲದವರು ಮನೆ ಮುಂದೆ ಕೂತು ಹಿಂಸೆ ಕೊಡಬಾರದು ಎಂದು ಸರ್ಕಾರ ಕಾನೂನು ತರುತ್ತದಂತೆ. ಚಂದ್ರಮ್ಮ ಖುಷಿಯಿಂದ ಹೇಳಲು ಬಂದಳು. "ಕಂಪನಿಯೋರು ಹೊಸಿಲು ತುಳಿಯಂಗಿಲ್ವಂತೆ ಕಣೆ!" ನಾನು ಅಂದೆ, "ಕಂಪನಿಯೋರು ಯಾವತ್ತು ತುಳಿದಿದ್ರು ಚಂದ್ರಿ? ಕೂತೋರು ನಾವು." ಅವಳು ತಂದಿದ್ದ ಸೊಪ್ಪನ್ನು ಅಲ್ಲೇ ಇಟ್ಟು ಹೋದಳು.

ಈಗ ಸಂಜೆ ನಾನು ಹೋಗಿ ಹಚ್ಚುತ್ತೇನೆ. ನಮ್ಮ ಕಾಗದದ ವಿಷಯ ಮಾತ್ರ ಇನ್ನೂ ಯಾರಿಗೂ ಹೇಳಿಲ್ಲ. ಬರಬೇಡ ಎಂದು ಬರೆದವಳು ನಾನೇ ಎಂದು ಗೊತ್ತಾದರೆ ಅವರು ನನ್ನ ಮುಖ ನೋಡುತ್ತಾರಾ?

ಒಂದು ಅಕ್ಷರ ಬರೆ.

ಹಾಲಿ

*

ದುರ್ಗಿಗುಡಿ, 10 ಫೆಬ್ರವರಿ 2025

ಹಾಲಮ್ಮನಿಗೆ,

ಸಾಲ ಪೂರ್ತಿ ತೀರಿತು. ಸತ್ಯಭಾಮಮ್ಮನವರು ಮುಂಗಡ ಕೊಟ್ಟರು, ದುಡಿದು ತೀರಿಸುತ್ತೇನೆ. ಜಾಮೀನಿಗೆ ಯಾರನ್ನೂ ಕೇಳಲಿಲ್ಲ ಅವರು. ಅದೇ ನನಗೆ ಹಿಡಿಸಿತು.

ನಿನ್ನ ಕಾಗದಗಳನ್ನೆಲ್ಲ ಈ ಕಟ್ಟಿನಲ್ಲಿ ತಿರುಗಿ ಕಳಿಸಿದ್ದೇನೆ. ನನ್ನವು ನಿನ್ನ ಹತ್ತಿರ ಇವೆ. ಎರಡನ್ನೂ ಸೇರಿಸಿ ನಾಗರತ್ನ, ಚಂದ್ರಿ ಇಬ್ಬರ ಮುಂದೆಯೂ ಓದಿಸು. ನಿನಗೆ ಅವಮಾನವಾಗಲಿ ಎಂದಲ್ಲ. ಕೊಟ್ರಕ್ಕನನ್ನು ಅವರು ಕಾವಲುಗಾತಿ ಅಂದುಕೊಂಡಿದ್ದರು. ಅವಳು ನನ್ನನ್ನು ಕರೆದಿದ್ದಳು, ನಾನು ಬರುತ್ತೇನೆ ಎಂದಿದ್ದೆ ಎನ್ನುವುದು ಅವರಿಗೂ ತಿಳಿಯಲಿ.

ನೀನು ನನ್ನನ್ನು ಕಾಪಾಡಲು ಹೋದೆ. ಗೊತ್ತು. ಅದಕ್ಕೇ ನಿನ್ನ ಮೇಲೆ ಸಿಟ್ಟು ಮಾಡಲೂ ಆಗುತ್ತಿಲ್ಲ, ಮೊದಲಿನ ಹಾಗೆ ಇರಲೂ ಆಗುತ್ತಿಲ್ಲ. ಆ ಹೊಸಿಲು ದಾಟಲು ನನಗೆ ಅವಳು ಬೇಕಿತ್ತು. ಅವಳು ಕೂತು, ನಾನು ಕೈ ಕೊಟ್ಟು ಎಬ್ಬಿಸಬೇಕಿತ್ತು. ಈಗ ಬಂದು ಯಾರನ್ನು ಎಬ್ಬಿಸಲಿ?

ಊರಿನಲ್ಲಿ ನನ್ನ ಬಾಕಿ ಇರುವುದು ಮುಯ್ಯಿ ಒಂದೇ. ನಾಟಿಯ ಕರೆ ಬಂದರೆ ಅದನ್ನೂ ತೀರಿಸುತ್ತೇನೆ. ಕೊಟ್ರಕ್ಕನ ದಿನವನ್ನು ಯಾವ ಗದ್ದೆಯಲ್ಲಿ ತೀರಿಸಬೇಕೋ ಗೊತ್ತಿಲ್ಲ. ಅದಾದ ಮೇಲೆ ನಮ್ಮ ನಮ್ಮಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ನನ್ನನ್ನು ಬಿಟ್ಟುಬಿಡಿ.

ದೀಪ ಹಚ್ಚುವುದಿದ್ದರೆ ಹಚ್ಚು. ನನಗಾಗಿ ಬೇಡ, ಅವಳಿಗಾಗಿ.

ಶಂಕರಮ್ಮ

*

ಓದಿ ಮುಗಿಸಿ ಗಂಗಾಧರಪ್ಪ ಕಾಗದಗಳನ್ನು ಮಡಚಿದ. ಬಸ್ಸಿನ ಡ್ರೈವರ್ ಆಗಲೇ ಎರಡು ಸಲ ಹಾರನ್ ಹೊಡೆದಿದ್ದ. ಹಾಲಮ್ಮ ತಲೆ ಎತ್ತಲಿಲ್ಲ. ನಾಗರತ್ನ ಅವಳನ್ನು ಬೈಯಬಹುದೆಂದು ಚಂದ್ರಮ್ಮ ಕಾದಳು. ನಾಗರತ್ನ ಬೈಯಲಿಲ್ಲ. ಕಿವಿಯ ಓಲೆಯನ್ನು ತಿರುಗಿಸುತ್ತಾ ಕೂತಿದ್ದವಳು ಕೊನೆಗೆ ಕಂಡಕ್ಟರನಿಗೆ ಹೇಳಿದಳು:

"ನಾಳೆ ನಮ್ಮ ಗದ್ದೆ ನಾಟಿ ಅಂತ ಹೇಳು ಅವಳಿಗೆ. ಇನ್ನೇನೂ ಹೇಳ್ಬ್ಯಾಡ."

"ಅಷ್ಟೇನಾ?"

"ಅಷ್ಟೇ. ನಾಟಿಗೆ ಕರೆಯೋದು ಅಷ್ಟೇ ಮಾತಲ್ಲಿ."

ಬಸ್ಸು ರಾತ್ರಿ ಶಿವಮೊಗ್ಗದಲ್ಲಿ ತಂಗಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಊರಿಗೆ ಬರುತ್ತದೆ. ನಾಲೆಯ ಕೊನೆಗೆ ಆ ವರ್ಷ ನೀರು ತಡವಾಗಿ ಬಂದಿತ್ತು. ನಾಗರತ್ನಳ ಗದ್ದೆ ರಸ್ತೆಯ ಪಕ್ಕದಲ್ಲೇ ಕೆಸರು ಹದವಾಗಿ ಕಾದಿತ್ತು. ಮರುದಿನ ಬೆಳಿಗ್ಗೆ ಮೂವರೂ ಇಳಿದು ಸಾಲಾಗಿ ನಿಂತರು. ಯಾರೂ ಹೇಳಿಕೊಳ್ಳದೆಯೇ ಬದುವಿನ ಪಕ್ಕದ ಕೊಟ್ರಮ್ಮನ ಜಾಗ, ಅದರ ಪಕ್ಕದ ಶಂಕರಮ್ಮನ ಜಾಗ ಎರಡನ್ನೂ ಬಿಟ್ಟು ನಿಂತಿದ್ದರು. ನಾಗರತ್ನಳ ಗಂಡ ಓಂಕಾರಪ್ಪ, "ಇದೇನ್ರೆ, ಅರ್ಧ ಗದ್ದೆ ದನಕ್ಕೆ ಬಿಡ್ತೀರಾ?" ಅಂದ. ಗೊಣಗುತ್ತಾ ಸಸಿ ತರಲು ಹೋದ.

ಬಸ್ಸು ಬಂತು, ನಿಂತಿತು. ಬಗ್ಗಿದವರು ಬಗ್ಗಿದ ಹಾಗೇ ತಲೆ ಎತ್ತಿದರು. ಇಳಿದವಳು ಅಮೂಲ್ಯ. ಒಬ್ಬಳೇ. ಕೈಯಲ್ಲಿ ಚೀಲ, ಹಾಸ್ಟೆಲಿನ ಹುಡುಗಿಯರು ಹಾಕುವ ಚೂಡಿದಾರ. ಬದುವಿನ ಮೇಲೆ ಬಂದು ನಿಂತು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು:

"ಅಮ್ಮನ ಕೈ ಇನ್ನೂ ಸರಿಯಾಗಿಲ್ಲ ಚಿಕ್ಕಮ್ಮ. ಮುಯ್ಯಿಗೆ ನನ್ನ ಕಳ್ಸಿದಾರೆ. ಇವತ್ತು ನಿಮ್ದು, ಆಮೇಲೆ ಹಾಲಮ್ಮ ಚಿಕ್ಕಮ್ಮಂದು, ಚಂದ್ರಮ್ಮ ಚಿಕ್ಕಮ್ಮಂದು. ರಜೆ ಹಾಕಿ ಬಂದಿದೀನಿ. ಕೊಟ್ರಜ್ಜಿ ಮನೆಯೋರು ಯಾವತ್ತು ಕರೀತಾರೋ ಅವತ್ತೂ ಬರ್ತೀನಿ. ಎಲ್ಲಾ ತೀರ್ಸಿ ಬಾ ಅಂದ್ರು ಅಮ್ಮ."

ಹೇಳಿ ಚಪ್ಪಲಿ ಬಿಟ್ಟು, ಪೈಜಾಮ ಮಡಚಿ, ಒಂದು ಸಸಿಕಟ್ಟನ್ನು ಎತ್ತಿಕೊಂಡಳು. ಹಾಲಮ್ಮ ಕೆಸರಲ್ಲಿ ಕಾಲು ಕೀಳುತ್ತಾ ಬಂದು, ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಇಳೀಬ್ಯಾಡ ಮಗಳೇ. ಬದುವಿನ ಮೇಲೆ ಕೂತ್ಕ."

"ಯಾಕೆ? ನಂಗೆ ಬರಲ್ಲ ಅಂತಾನಾ? ಹೇಳ್ಕೊಡಿ, ಮಾಡ್ತೀನಿ."

ಮಾತಾಡಿದವಳು ನಾಗರತ್ನ, ಓಲೆ ಅಡ ಇಟ್ಟವಳು.

"ನಮ್ಮ ಮುಯ್ಯಿ ನಾವು ತಗಳಲ್ಲ ಅಂತ ಹೇಳು ನಿಮ್ಮಮ್ಮಂಗೆ. ಬಾಕಿ ಇರ್ಲಿ."

"ಬಾಕಿ ಇಟ್ಕಬಾರ್ದು ಅಂತ ಅಮ್ಮ..."

"ಇಟ್ಕಬೇಕು. ಅದೂ ತೀರಿಹೋದ್ರೆ ನಾಳಿಕೆ ಅವಳನ್ನ ಏನಂತ ಕರೆಯಾಣ ನಾವು?"

ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿ, ಕೂತಳು. ಚಂದ್ರಮ್ಮ ನಾಟಿಯ ಬುತ್ತಿ ಬಿಚ್ಚಿ ಅವಳಿಗೆ ಮೊದಲು ಬಡಿಸಿದಳು. ಹಾಲಮ್ಮ ಕೈಯಲ್ಲಿದ್ದ ಸಸಿಕಟ್ಟನ್ನು ಒಯ್ದು, ಶಂಕರಮ್ಮ ನಿಲ್ಲುವ ಜಾಗದ ತಲೆಯಲ್ಲಿ, ಬೇರು ನೀರಿನಲ್ಲಿ ಮುಳುಗುವ ಹಾಗೆ ನಿಲ್ಲಿಸಿದಳು, ಬಾಡದಿರಲಿ ಎಂದು. ಆಮೇಲೆ ಮೂವರೂ ಬಗ್ಗಿದರು. ಹೊತ್ತು ಏರುವವರೆಗೆ ಹಿಂದೆ ಹಿಂದೆ ಸರಿಯುತ್ತಾ ನೆಟ್ಟರು; ಇಬ್ಬರ ಅಗಲದ ನೀರು ಅವರ ಪಕ್ಕದಲ್ಲಿ ಹಾಗೇ ಉಳಿಯುತ್ತಾ ಬಂತು.